ಒಗೆಯದ ಸೀರೆ

ಮದ್ದೂರು, ಸೋಮವಾರ

ಅಕ್ಕನಿಗೆ ವನಜಾಳ ನಮಸ್ಕಾರ.

"ಆ ಕಾಡ್‌ಬೆಕ್ಕನ್ನ ಎಲ್ಲಾದ್ರೂ ಬುಟ್ಟು ಮಳವಳ್ಳಿಗೆ ಬಾ ಕಣಮ್ಮಿ" ಅಂದು ನೀನು ಫೋನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಅದನ್ನು ಬೀದಿಯಿಂದ ಒಳಗೆ ತಂದವಳು ಅವ್ವ. ಅದಕ್ಕೆ ಸಕ್ಕರೆ ಕಾಯಿಲೆ, ಎರಡು ಹೊತ್ತೂ ಇನ್ಸುಲಿನ್ ಚುಚ್ಚಬೇಕು. ಅವ್ವ ತೀರಿಕೊಂಡ ಮೇಲೆ, ಅವಳು ಉಟ್ಟು ಬಿಟ್ಟ ಸೀರೆಯಲ್ಲಿ ಸುತ್ತಿ ಹಿಡಿದರೆ ಮಾತ್ರ ಸುಮ್ಮನಿರುತ್ತಿತ್ತು. ಮೊನ್ನೆ ಸೂತಕ ಕಳೆಯಲು ಮನೆಯ ಬಟ್ಟೆಯನ್ನೆಲ್ಲ ನೆನೆಹಾಕಿದಾಗ ಆ ಸೀರೆಯನ್ನೂ ಒಗೆದುಬಿಟ್ಟೆ, ಅವ್ವನ ವಾಸನೆ ಹೋಯಿತು. ಈಗ ನನ್ನ ಕೈ ಪರಚಿ ಅಟ್ಟ ಹತ್ತಿ ಕೂತಿದೆ. ನಿನ್ನೆಯಿಂದ ಸೂಜಿ ಹಾಕಲು ಆಗಿಲ್ಲ. ಬಾಗಿಲು ತೆಗೆದರೆ ಓಡಿಹೋಗಿ ಎಲ್ಲೋ ಸಾಯುತ್ತದೆ ಎಂದು ನಾನೂ ಒಳಗೇ ಇದ್ದೇನೆ. ಮಳವಳ್ಳಿಗೆ ಹೊರಟಿರುವ ಪಕ್ಕದ ಮನೆಯ ಚಿಕ್ಕಮಾದಣ್ಣನಿಗೆ ಈ ಕಾಗದವನ್ನೂ ಕಿಟಕಿಯಿಂದಲೇ ಕೊಡುತ್ತಿದ್ದೇನೆ.

ಅವ್ವ ಆಸ್ಪತ್ರೆಗೆ ಹೊರಡುವಾಗ ಬಿಚ್ಚಿಟ್ಟ ಹತ್ತಿ ಸೀರೆ ನಿನ್ನ ಹತ್ತಿರ ಇದೆಯಲ್ಲ, ಅದನ್ನು ಚಿಕ್ಕಮಾದಣ್ಣ ವಾಪಸ್ ಬರುವಾಗ ಅವರ ಕೈಯಲ್ಲೇ ಕಳಿಸು. ಒಗೆಯಬೇಡ. ಕವರಿನ ಬಾಯಿ ಬಿಗಿಯಾಗಿ ಕಟ್ಟು. ಕಟ್ಟುವ ಮುಂಚೆ ಮೂಸಿ ನೋಡಬೇಡ ಅಕ್ಕ, ಉಳಿದಿರುವಷ್ಟೂ ಇಲ್ಲಿ ನಮ್ಮಿಬ್ಬರಿಗೆ ಬೇಕು.

ನಿನ್ನ ತಂಗಿ,
ವನಜಾ