ಮೊದಲ ಚಹಾ

ಮೀನಾ ಅಬ್ದುಲ್ಲಾ ಕೈಗಾರಿಕಾ ಪ್ರದೇಶ, ಕುವೈತ್

ಬಾಳಕ್ಕಗೆ ತಮ್ಮ ಭರಮಣ್ಣನ ನಮಸ್ಕಾರ.

ನಮ್ಮ ಸೈಟಿಗೆ ಅಮೆರಿಕದ ಇಬ್ಬರು ಇಂಜಿನಿಯರುಗಳು ಬಂದಿದ್ದಾರೆ, ಒಬ್ಬರು ಬಿಳಿಯರು, ಒಬ್ಬರು ಕರಿಯರು. ಬಿಳಿಯರೇ ದೊಡ್ಡ ಸಾಹೇಬರೆಂದು ತಿಳಿದು ಮೊದಲ ಚಹಾ ಅವರಿಗೆ ಕೊಟ್ಟೆ. ದೊಡ್ಡ ಸಾಹೇಬರು ಆ ಕರಿಯರೇ ಆಗಿದ್ದರು. ಅವರು ಸಿಟ್ಟಾಗಲಿಲ್ಲ.

"ನಮ್ಮಜ್ಜನ ಕಾಲದಲ್ಲಿ ಊರಲ್ಲಿ ಕರಿಯರಾದ ನಮಗೆ ನೀರಿನ ನಲ್ಲಿಯೇ ಬೇರೆ ಇತ್ತು. ಆ ಕಾಲವೇ ಚೆನ್ನಾಗಿತ್ತು ಅಂತ ಈಗ ಅಲ್ಲಿ ಕೆಲವರು ವೋಟು ಕೇಳ್ತಾರೆ" ಎಂದರು.

"ಎಂಥಾ ಮಂದಿ ಅದಾರ ನೋಡಪಾ ಅಲ್ಲಿ" ಎಂದ ನನ್ನ ಜೊತೆಗಾರ ಅಮರೇಶ. ನನಗೆ ನಮ್ಮ ಮನೆ ನೆನಪಾಯಿತು. ಕೆಲಸಕ್ಕೆ ಬರುವ ದುರುಗವ್ವನಿಗೆಂದು ನಾವು ಬೇರೆ ಇಟ್ಟ ಲೋಟ ಹಿತ್ತಲ ಗೂಡಿನಲ್ಲೇ ಇದೆಯಲ್ಲ.

ನನ್ನ ಬೆನ್ನುನೋವು ವಾಸಿಯಾಗಿದೆ. ಬಸ್ಸು ಬಂತು, ಇಷ್ಟೇ ಹೇಳುತ್ತೇನೆ. ಆ ಲೋಟವನ್ನು ಇವತ್ತೇ ಒಳಗೆ ತಂದಿಡು. ರಜೆಗೆ ಬಂದಾಗ ಅದರಲ್ಲಿ ನಾನು ಕುಡಿಯುತ್ತೇನೆ, ದುರುಗವ್ವನಿಗೆ ಮೊದಲ ಚಹಾ ಕೊಟ್ಟ ಮೇಲೆ.