ಹುಡುಗಿಯ ಹೆಸರು ಬರೆಯಬೇಡ

6 ಫೆಬ್ರುವರಿ 2023, ಸೋಮವಾರ

ನಾನು ಗದಿಗೆವ್ವ ಹಮ್ಮಿಗಿ. ಮುಂಡರಗಿಯಲ್ಲಿ ಹಮ್ಮಿಗಿಯವರ ಮನೆ ಅಂದರೆ ಸಾಕು, ರಿಕ್ಷಾದವನಿಗೆ ಓಣಿ ಹೇಳಬೇಕಾಗಿಲ್ಲ. ಮ್ಯಾಟ್ರಿಕ್ ಪಾಸಾದವಳು. ಯಜಮಾನರು ಹೋದ ಮೇಲೆ ಹೊಲ, ಅಂಗಡಿ, ಕೀಲಿಕೈ ಎಲ್ಲ ನನ್ನ ಸೊಂಟದಲ್ಲೇ. ಇವತ್ತು ಕಡಲೆ ರಾಶಿಯನ್ನೂ ನಾನೇ ನಿಂತು ತುಂಬಿಸಿದೆ.

ಮೊಮ್ಮಗಳು ಅಂಕಿತಾ ಮತ್ತೆ ನಿದ್ದೆ ಬಿಟ್ಟಿದ್ದಾಳೆ. ಒಂದೇ ಸವನೆ ಮಾತು. ಟ್ರೆಝರಿ ಕಪಾಟಿನ ಸೀರೆಗಳನ್ನೆಲ್ಲ ಅಂಗಳಕ್ಕೆ ಒಗೆದಳು. ಪಕ್ಕದವರು ಕೇಳಿದರು. ಬಿಸಿಲಿಗೆ ಹಾಕಿದ್ದೇವೆ ಅಂದೆ.

ಹುಲಕೋಟಿಯವರು ಇವಳನ್ನು ನೋಡಲು ಬರುವವರಿದ್ದಾರೆ. ಅಲ್ಲಿಯವರೆಗೆ ದವಾಖಾನೆಯವರು ಯಾರೂ ಹೊಸ್ತಿಲು ದಾಟಬಾರದು — ಎಲ್ಲರ ಮುಂದೆ ನಾನೇ ಹೇಳಿದ್ದೇನೆ.

8 ಫೆಬ್ರುವರಿ, ಬುಧವಾರ

ಮಗ ನಿಜಲಿಂಗಪ್ಪ ಹುಬ್ಬಳ್ಳಿಗೆ ಹೋಗಿದ್ದ. ಅಂಕಿತಾ ಕಿಟಕಿ ಗಾಜಿಗೆ ಕೈ ಹೊಡೆದಳು. ರಕ್ತ. ನನ್ನ ಕೈಲಿ ಹಿಡಿಯಲಾಗಲಿಲ್ಲ. ಯಾಸ್ಮೀನಳಿಗೆ ಫೋನ್ ಮಾಡಿದೆ. ಸರಕಾರಿ ದವಾಖಾನೆಯ ಸಿಸ್ಟರ್, ಮನಸ್ಸಿನ ಕಾಯಿಲೆಯದ್ದೇ ದೊಡ್ಡ ಕೋರ್ಸ್ ಮಾಡಿದವಳು. ಮೊದಲೂ ಬಂದು ನೋಡಿದ್ದಾಳೆ. ಹಿತ್ತಲ ಬಾಗಿಲಿನಿಂದ ಬಾ ಅಂದೆ. ಬಂದಳು.

ಗಾಯ ಕಟ್ಟಿ, ಗದಗಿನ ಡಾಕ್ಟರಿಗೆ ಫೋನ್ ಹಚ್ಚಿದಳು. ಇಂಜೆಕ್ಷನ್ ಕೊಡು ಅಂದರಂತೆ. ಬ್ಯಾಗಿನಿಂದ ಕಾಗದ ತೆಗೆದಳು.

“ಅದೇನದು?”

“ಡಾಕ್ಟರು ಹೇಳಿದ್ದು, ನೀವು ಒಪ್ಪಿದ್ದು ಬರಕೋಬೇಕ್ರಿ ಅಮ್ಮಾರ. ಪೇಷಂಟಿನ ಒಳ್ಳೇದಕ್ಕ ಮಾಡಿದ ಕೆಲಸಕ್ಕ ನಮ್ಮ ಮ್ಯಾಲ ಕೇಸ್ ಹಾಕಾಕ ಬರೂದಿಲ್ಲ ಅಂತ ಕಾನೂನು ಐತಿ. ಆದ್ರ ಬರಕೊಳ್ಳದಿದ್ರ ನಾ ಒಬ್ಬಾಕಿನ ಆಗ್ತೀನಿ.”

“ಹುಡುಗಿ ಹೆಸರು ಬರೀಬ್ಯಾಡ. ಈ ಮನಿ ಮಾತು ಕಾಗದಕ್ಕಿಂತ ಗಟ್ಟಿ.”

ನನ್ನನ್ನು ನೋಡಿದಳು. ಅಂಕಿತಾಳನ್ನು ನೋಡಿದಳು. ಕಾಗದ ಒಳಗಿಟ್ಟು ಇಂಜೆಕ್ಷನ್ ಕೊಟ್ಟಳು.

ಹೋಗುವಾಗ ಹೇಳಿದಳು — “ಈ ಇಂಜೆಕ್ಷನ್ ಕೊಟ್ರ ಒಬ್ಬೊಬ್ಬರಿಗೆ ಕುತ್ತಿಗಿ ಹಿಡೀತೈತ್ರಿ. ಹೆದರಬ್ಯಾಡ್ರಿ, ಲಗೂನ ಫೋನ್ ಮಾಡ್ರಿ. ಅದಕ್ಕ ಬ್ಯಾರೆ ಔಷಧ ಐತಿ.”

10 ಫೆಬ್ರುವರಿ, ಶುಕ್ರವಾರ

ಹಿಡಿಯಿತು. ನಿನ್ನೆ ಬೆಳಿಗ್ಗೆ ಕುತ್ತಿಗೆ ಒಂದು ಕಡೆ ತಿರುಚಿ, ದವಡೆ ಬಿಗಿದು... ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ನಿಜಲಿಂಗಪ್ಪ ಹುಬ್ಬಳ್ಳಿಯಿಂದ ಬಂದ. ಎತ್ತಿಕೊಂಡು ಕಾರಿಗೆ ಹಾಕಿ ಗದಗಿಗೆ ಓಡಿದ. ಅಲ್ಲಿ ಬೇರೆ ಇಂಜೆಕ್ಷನ್ ಕೊಟ್ಟರು, ಇಳಿಯಿತು. ಯಾಸ್ಮೀನ ಹೇಳಿದ ಹಾಗೆಯೇ. ಅವಳು ಬಂದು ಇಂಜೆಕ್ಷನ್ ಕೊಟ್ಟಿದ್ದು ಅಲ್ಲಿ ಮಗನಿಗೆ ಗೊತ್ತಾಯಿತು.

“ಯಾರು ಕರಸಿದ್ರವ್ವಾ ಆಕಿನ್ನ?”

ದವಾಖಾನೆಯವರು ಬರಬಾರದು ಅಂತ ಕಟ್ಟು ಹಾಕಿದವಳು ನಾನು. ಮುರಿದವಳೂ ನಾನೇ ಅಂತ ಹೇಗೆ ಹೇಳುವುದು.

“ತಾನ ಬಂದಿದ್ಳು,” ಅಂದೆ.

ಪೊಲೀಸರಿಗೂ ದವಾಖಾನೆಗೂ ತಕರಾರು ಕೊಟ್ಟು ಬಂದಿದ್ದಾನೆ.

23 ಫೆಬ್ರುವರಿ, ಗುರುವಾರ

ಯಾಸ್ಮೀನ ಬಂದಿದ್ದಳು. ಈ ಸಲ ಮುಂಬಾಗಿಲಿಗೆ. ಸಸ್ಪೆಂಡ್ ಆಗಿದೆಯಂತೆ. ‘ದವಾಖಾನೆಗೆ ಕರಕೊಂಡು ಬಾ ಅಂದಿದ್ದೆ’ ಅಂತ ಡಾಕ್ಟರು ಜಾರಿಕೊಂಡಿದ್ದಾರಂತೆ. ನರ್ಸ್ ಅಂತ ಇರುವ ರಿಜಿಸ್ಟ್ರೇಷನ್ನೇ ಹೋಗಬಹುದಂತೆ.

“ನೀವು ಕರಸಿದ್ದು, ಒಪ್ಪಿದ್ದು ಹೇಳ್ರಿ, ಸಾಕು. ಕಾನೂನು ನನ್ನ ಕಡೆ ಐತಿ. ಸಾಕ್ಷಿ ಮಾತ್ರ ನೀವೊಬ್ಬರ.”

“ರವಿವಾರ ಹುಲಕೋಟಿಯವರು ಬರ್ತಾರ. ಅದೊಂದು ಮುಗೀಲಿ.”

“ಆತ್ರಿ. ನಿಮ್ಮ ಮನಿ ಮಾತು ರವಿವಾರ ಆದಮ್ಯಾಲ ಗಟ್ಟಿ ಆಗ್ತೈತೇನ್ರಿ?”

ಈ ಹೊಸ್ತಿಲಲ್ಲಿ ನಿಂತು ನನಗೆ ಹಾಗೆ ಅಂದವರಿಲ್ಲ. ಸಿಟ್ಟು ಬಂತು. ನೀರು ಕುಡಿ ಅಂತ ಸಹ ಅನ್ನಲಿಲ್ಲ.

20 ಮಾರ್ಚ್, ಸೋಮವಾರ

ಹುಲಕೋಟಿಯವರು ಒಪ್ಪಿದ್ದಾರೆ. ಬರೆಯಲು ಮನಸ್ಸಿರಲಿಲ್ಲ.

ನಿನ್ನೆ ಅಂಕಿತಾಳಿಗೆ ಕಾಯಿಲೆ ಮತ್ತೆ ಕೆಣಕಿತು. ದವಾಖಾನೆಗೆ ಫೋನ್ ಮಾಡಿದೆ. ಬೇರೆ ಸಿಸ್ಟರ್ ಎತ್ತಿದಳು. “ಮನಿಗೆ ಯಾರೂ ಬರೂದಿಲ್ರಿ. ಯಾಸ್ಮೀನಗ ಆಗಿದ್ದು ನೋಡೀವಲ್ಲ. ಹಮ್ಮಿಗಿಯವರ ಮನಿ ಅಂದ್ರಿ? ಬರೂದ ಇಲ್ಲ ಬಿಡ್ರಿ.”

ನಿಜಲಿಂಗಪ್ಪ ಅವಳ ಕೈ ಹಿಡಿದ. ನಾನು ಕಟ್ಟಿದೆ. ನನ್ನ ಸೀರೆಯಿಂದ. ಕಾರಿನಲ್ಲಿ ಕೂಡಿಸಲಾಗದೆ ಟೆಂಪೋದಲ್ಲಿ ಗದಗಿಗೆ ಒಯ್ದೆವು. ಮಣಿಕಟ್ಟಿನ ಮೇಲೆ ಇನ್ನೂ ಗೆರೆ ಇದೆ. ಇವತ್ತು ಶಾಂತವಾಗಿ ಕೇಳಿದಳು — “ಆಯಿ, ಯಾಸ್ಮೀನಕ್ಕ ಯಾಕ ಬರ್ಲಿಲ್ಲ? ಆಕಿ ಎಂದೂ ಕಟ್ತಿರ್ಲಿಲ್ಲ.”

28 ಮಾರ್ಚ್, ಮಂಗಳವಾರ

ಗದಗಿನಲ್ಲಿ ವಿಚಾರಣೆ ಇತ್ತು. ಕಾರಿನಲ್ಲೇ ಮಗನಿಗೆ ಎಲ್ಲ ಹೇಳಿದೆ. ಅವನು ಗಾಡಿ ರಸ್ತೆ ಬದಿಗೆ ನಿಲ್ಲಿಸಿದ. “ನನಗರ ಹೇಳಬೇಕಿತ್ತಲ್ಲವ್ವಾ,” ಅಂದ.

ಅಧಿಕಾರಿಗಳ ಮುಂದೆ ನಿಂತೇ ಹೇಳಿದೆ. “ಕರಸಿದಾಕಿ ನಾನು. ಡಾಕ್ಟರಿಗೆ ಆಕಿ ಫೋನ್ ಮಾಡಿದಾಗ ಬಾಜೂಕ ಇದ್ದಾಕಿ ನಾನು. ಬರೀಬ್ಯಾಡ ಅಂದಾಕೀನೂ ನಾನು.” ಎಲ್ಲ ಬರೆದುಕೊಂಡರು. ಅಂಕಿತಾಳ ಹೆಸರೂ.

ಯಾಸ್ಮೀನ ಮೂಲೆಯ ಕುರ್ಚಿಯಲ್ಲಿದ್ದಳು. ಇಳಿದುಹೋಗಿದ್ದಾಳೆ.

2 ಏಪ್ರಿಲ್, ರವಿವಾರ

ಹುಲಕೋಟಿಯಿಂದ ಖಬರ ಬಂತು. ಸದ್ಯಕ್ಕೆ ಬೇಡವಂತೆ. ಅಂಕಿತಾಳಿಗೆ ಹೇಗೆ ಹೇಳಲಿ ಅಂತಿದ್ದೆ. “ಚೊಲೊ ಆತು ಬಿಡ ಆಯಿ. ಆ ಹುಡುಗ ಒಂದ್ ಮಾತಾಡಾಕ ಮೂರ್ ಸಲ ಮೀಸಿ ತಿರುವ್ತಿದ್ದ,” ಅಂದಳು. ನಕ್ಕಳು. ನನಗೆ ನಗಲಾಗಲಿಲ್ಲ.

12 ಏಪ್ರಿಲ್, ಬುಧವಾರ. ಸಂಜೆ

ಯಾಸ್ಮೀನಳ ಮೇಲಿನ ಕೇಸು ಬಿಟ್ಟರು. ಕೆಲಸಕ್ಕೆ ಮರಳಿದ್ದಾಳೆ. ಇಲ್ಲಿಗಲ್ಲ, ಶಿರಹಟ್ಟಿಗೆ. ಕೇಳಿ ಹಾಕಿಸಿಕೊಂಡಳಂತೆ. ಫೋನ್ ಮಾಡಿದ್ದೆ. “ಇನ್ನ ಯಾರ ಮನಿಗೂ ಹೋಗೂದಿಲ್ರಿ. ದವಾಖಾನಿಗೆ ಬರ್ರಿ.”

ಇವತ್ತು ಅಂಕಿತಾ, ನಾನು ಹೋದೆವು. ಕಾರು ಬೇಡ ಅಂದೆ. ಬಸ್ಸಿನಲ್ಲಿ. ಚೀಟಿ ಮಾಡಿಸುವ ಪಾಳಿಯಲ್ಲಿ ಗುರುತಿನವರಿದ್ದರು. ಸೆರಗು ಸರಿಮಾಡಿಕೊಂಡೆ, ಮುಖಕ್ಕೆ ಎಳೆದುಕೊಳ್ಳಲಿಲ್ಲ. ಚೀಟಿ ಬರೆಯುವವನು ಹೆಸರು ಕೇಳಿದ. “ಅಂಕಿತಾ ನಿಜಲಿಂಗಪ್ಪ ಹಮ್ಮಿಗಿ,” ಅಂದೆ, ಹಿಂದಿನವರಿಗೂ ಕೇಳುವ ಹಾಗೆ.

ಯಾಸ್ಮೀನ ಅದೇ ನಮೂನೆಯ ಕಾಗದ ತೆಗೆದಳು. ನಾನು ಕೈ ಚಾಚಿದೆ. ಅವಳು ಅಂಕಿತಾಳಿಗೆ ಕೊಟ್ಟಳು. “ನೀನ ಓದು. ಒಪ್ಪಿಗಿ ನಿಂದು.”

ಇಷ್ಟು ದಿನದಲ್ಲಿ ಆ ಹುಡುಗಿಯನ್ನು ಕೇಳಬೇಕು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಓದಿ ಸಹಿ ಮಾಡಿದಳು. ಕೆಳಗೆ ನಾನು ಮಾಡಿದೆ. ಯಾಸ್ಮೀನ “ಆತ್ರಿ” ಅಂದಳು. ಅಮ್ಮಾರ ಅನ್ನಲಿಲ್ಲ. ಒಂದು ಮಾತು ಹೇಳಬೇಕಂತ ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಮುಂದಿನವರ ಹೆಸರು ಕೂಗಿದಳು.