ಹೆಗಲಿನಿಂದ ಹಿಂದಕ್ಕೆ

ಹಳಿಯಾಳ ತಾಲೂಕು,
೧೪ ಡಿಸೆಂಬರ್ ೧೯೮೬

ಫಿಲೋಮಿನಾಳ ಅಪ್ಪನಿಗೆ,

ಲೂಸಿಯ ನಮಸ್ಕಾರ. ನಾವು ತಾಯಿ ಮಗಳು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಸುವುದು ರೂಢಿ. ಅದನ್ನೇ ಎಷ್ಟು ವರ್ಷ ಬರೆಸಲಿ? ಚೆನ್ನಾಗಿಲ್ಲ. ಕೋಳಿಗಳು ಮಾತ್ರ ಚೆನ್ನಾಗಿವೆ.

ಅಕ್ಷರ ನೋಡಿದ ಕೂಡಲೇ ನಿಮಗೆ ಗೊತ್ತಾಗಿರಬೇಕು, ಈ ಸಲ ಬರೆಯುತ್ತಿರುವುದು ಇಗರ್ಜಿ ಶಾಲೆಯಲ್ಲಿ ಪಾಠ ಹೇಳುವ ಬಾಯಿಯವರಲ್ಲ. ನನಗಂತೂ ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ಬಾಯಿಯವರು ನಾನು ಹೇಳಿದ್ದರಲ್ಲಿ ಅರ್ಧ ಬಿಟ್ಟು, ಉಳಿದ ಅರ್ಧಕ್ಕೆ ದೇವರ ಹೆಸರು ಸೇರಿಸಿ ಬರೆಯುತ್ತಿದ್ದರು. ಈಗ ನನ್ನ ಮುಂದೆ ಕೂತವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆಂದು ಮಾತು ಕೊಟ್ಟಿದ್ದಾರೆ. ಯಾರೆಂದು ಕೊನೆಯಲ್ಲಿ ತಿಳಿಯುತ್ತದೆ. ಅವಸರ ಮಾಡಿ ಕೆಳಗೆ ಕಣ್ಣು ಹಾಯಿಸಬೇಡಿ.

ನಿಮ್ಮ ಮನಿಯಾರ್ಡರ್ ಬರುತ್ತಿದೆ. ಅದರ ಕೆಳಗೆ ಎರಡು ಮಾತು ಬರೆಯಲು ಜಾಗ ಬಿಟ್ಟಿರುತ್ತಾರಲ್ಲ, ಅದು ಯಾವಾಗಲೂ ಖಾಲಿ. ಪೋಸ್ಟಿನ ಮಲಕಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಬರದಿಲ್ಲ ನೋಡಬೇ ಯಕ್ಕಾ" ಎನ್ನುತ್ತಾನೆ. ನನಗಿಂತ ಅವನಿಗೇ ಹೆಚ್ಚು ಬೇಜಾರು. ವಾಸ್ಕೋದ ಬಂದರಿನಲ್ಲಿ ಮೂಟೆ ಹೊರುತ್ತೀರಂತೆ. ಎತ್ತುವುದನ್ನು ನೀವು ಬಿಟ್ಟಿಲ್ಲ ಎಂದಾಯಿತು.

ವಿಷಯಕ್ಕೆ ಬರುತ್ತೇನೆ. ಹಿತ್ತಲಿನ ಕಲ್ಲನ್ನು ನಿಮ್ಮ ಮಗಳು ಎತ್ತುತ್ತಿದ್ದಾಳೆ.

ಅದೇ ಕಲ್ಲು. ನಿಮ್ಮ ಕಸರತ್ತಿಗೆಂದು ಮಾನ್ವೆಲ್ ಮಾವ ಮೌಳಂಗಿಯ ಹೊಳೆಯಿಂದ ಗಾಡಿಯಲ್ಲಿ ಹೇರಿಕೊಂಡು ಬಂದದ್ದು, ಅರ್ಧ ಚೀಲ ಭತ್ತದಷ್ಟು ಭಾರದ್ದು, ನಿಮ್ಮ ಎದೆ ತಿಕ್ಕಿ ತಿಕ್ಕಿ ನುಣುಪಾದದ್ದು. ನೀವು ಹೋದ ಮೇಲೆ ಅದರ ಮೇಲೆ ಒಂದು ಹಳೆಯ ಬುಟ್ಟಿ ಕವುಚಿ ಹಾಕಿದ್ದೆ. ಕಣ್ಣಿಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದೆ. ಕಿವಿಗೆ ಏನು ಮುಚ್ಚಲಿ? ಬೆಳಗಾಗುವ ಹೊತ್ತಿಗೆ ಸದ್ದು ಬರುತ್ತಿತ್ತು. ನೀವು ಎತ್ತುತ್ತಿದ್ದ ಹಾಗೆಯೇ, ಮೊದಲು ಒಂದು ಉಸಿರು, ಆಮೇಲೆ ಏನೂ ಇಲ್ಲ, ಆಮೇಲೆ ಹೆಗಲಿನಿಂದ ಹಿಂದಕ್ಕೆ ಧೊಪ್. ನನ್ನ ಅಂಗಾಲಿಗೆ ಮೊದಲು ಗೊತ್ತಾಗುತ್ತಿತ್ತು, ಕಿವಿಗೆ ಆಮೇಲೆ. ಎದ್ದು ಹೋಗಿ ನೋಡಿದರೆ ಬುಟ್ಟಿ ಇಟ್ಟಲ್ಲೇ ಇರುತ್ತಿತ್ತು, ಅದರ ಮೇಲೆ ಕೋಳಿ ಕೂತಿರುತ್ತಿತ್ತು. ಹಿರಿಯರಿಗೆ ಕಾಯಿ ಇಟ್ಟು ಕೇಳಿಕೊಂಡೆ. ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದೆ. ಎರಡೂ ಕಡೆಯವರು ಸುಮ್ಮನಿದ್ದರು. ನಾನೂ ರೂಢಿ ಮಾಡಿಕೊಂಡೆ.

ಈ ವರ್ಷ ಮಳೆ ನಿಂತ ಮೇಲೆ ಒಂದು ದಿನ ಸದ್ದು ಕೇಳಿ ಹೊರಗೆ ಬಂದರೆ, ಬುಟ್ಟಿ ಬದಿಗಿತ್ತು. ಆ ಕಡೆ ಮುಖ ಮಾಡಿ ಯಾರೋ ನಿಂತಿದ್ದರು. ಬೆನ್ನು ನಿಮ್ಮದು, ಕಾಲು ಊರಿದ ರೀತಿ ನಿಮ್ಮದು. ಒಂದು ಗಳಿಗೆ ನೀವೇ ಬಂದಿರಿ ಎಂದುಕೊಂಡೆ. ಸಂತೋಷವಾಯಿತು, ಅದನ್ನು ಹೇಳಲು ನನಗೇನು ನಾಚಿಕೆ. ಆಮೇಲೆ ಜಡೆ ಕಾಣಿಸಿತು. ಫಿಲೋಮಿನಾ ಕಣ್ಣು ಮುಚ್ಚಿಕೊಂಡು ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಬಿಟ್ಟಳು. ಅದು ನನ್ನ ಕಾಲಿನ ಹತ್ತಿರ ಬಂದು ಬಿತ್ತು. ಯಾವಾಗಿನಿಂದ ನಡೆದಿದೆ ಎಂದು ಕೇಳಿದೆ. "ಮಳಿ ನಿಂತ ಮ್ಯಾಲ ಚಾಲೂ ಮಾಡೇನಿ ಆಯೀ, ನಿನ್ನಾಣೆ" ಎಂದಳು. ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಅದಕ್ಕೂ ಮೊದಲು, ಇಷ್ಟು ವರ್ಷ ನಾನು ಕೇಳಿದ್ದು ಏನನ್ನು?

ಅವಳು ಹೈಸ್ಕೂಲಿಗೆ ಹಳಿಯಾಳಕ್ಕೆ ಹೋಗುತ್ತಾಳೆ. ಅಲ್ಲಿಗೆ ಧಾರವಾಡದಿಂದ ಈಶಪ್ಪ ಎಂಬ ಮಾಸ್ತರರು ಜೂಡೋ ಕಲಿಸಲು ಬರುತ್ತಾರೆ. ಜೂಡೋ ಎಂದರೆ ಹೊಸ ನಮೂನೆಯ ಬಿಸ್ಕತ್ತು ಎಂದುಕೊಂಡಿದ್ದೆ. ಅಲ್ಲವಂತೆ, ದಪ್ಪ ಅಂಗಿ ತೊಟ್ಟು, ಆ ಅಂಗಿಯನ್ನೇ ಹಿಡಿದು ಕೆಡವುವ ಕುಸ್ತಿಯಂತೆ, ಕೆಳಗೆ ಗಾದಿ ಹಾಸಿರುತ್ತಾರಂತೆ. ನಮ್ಮ ಸಿದ್ದಿ ಮಕ್ಕಳ ಮೈಕಟ್ಟು ನೋಡಿ ಅವರಿಗೆ ಬಹಳ ಖುಷಿ. ಜನವರಿಯಲ್ಲಿ ಕೆಲವರನ್ನು ಆಟದ ಹಾಸ್ಟೆಲಿಗೆ ಕರೆದೊಯ್ಯುತ್ತಾರೆ. ಊಟ, ಶಾಲೆ, ಮುಂದೆ ನೌಕರಿಯ ಆಸೆ ಎಲ್ಲ ಇದೆ. ಮಾಸ್ತರರ ಹತ್ತಿರ ಎರಡು ತುದಿಗೆ ಗಾಲಿ ಸಿಕ್ಕಿಸಿದ ಕಬ್ಬಿಣದ ಸಲಾಕೆಯೂ ಇದೆ. ಭಾರ ಎತ್ತದೆ ಕುಸ್ತಿ ಇಲ್ಲ, ಬಲ ಇಲ್ಲದವನ ಪಟ್ಟು ಬರೀ ಆಟ ಎನ್ನುವುದು ಅವರ ಮಾತು. "ನಿಮ್ಮ ಮಗಳಿಗೆ ನನ್ನ ಕಬ್ಬಿಣ ಹಗುರ ಆಗೇತ್ರಿ ಅಕ್ಕಾರ, ಏನ್ ತಿನ್ನಸ್ತೀರಿ?" ಎಂದು ಕೇಳಿದರು. ಗಂಜಿ ಎಂದೆ.

ಹೋದ ತಿಂಗಳು ಮಕ್ಕಳನ್ನು ಆರಿಸುವ ದಿನ ನಾನೂ ಹೋಗಿದ್ದೆ. ಒಳಗೆ ಹೋಗದೆ ಬಾಗಿಲ ಹತ್ತಿರ ನಿಂತೆ. ಫಿಲೋಮಿನಾಳ ಎದುರಿಗೆ ಅವಳ ವಯಸ್ಸಿನ ಹುಡುಗಿಯೊಬ್ಬಳು ನಿಂತಳು. ಅವಳು ಯಾರು ಎಂಬುದನ್ನೂ ಈಗ ಹೇಳುವುದಿಲ್ಲ. ಹೇಳಿದರೆ ನೀವು ಓದುವುದನ್ನು ಇಲ್ಲಿಗೇ ನಿಲ್ಲಿಸುತ್ತೀರಿ. ನಮ್ಮವಳು ಅಂಗಿ ಹಿಡಿದು ಆ ಹುಡುಗಿಯನ್ನು ಎದೆಗೆ ಎಳೆದುಕೊಂಡಳು, ಹೆಗಲಿಗೆ ಏರಿಸಿದಳು, ಕಣ್ಣು ಮುಚ್ಚಿದಳು. ನನಗೆ ಆಗಲೇ ತಿಳಿಯಿತು. ನಾನು ಬೇಡ ಎಂದು ಕೂಗುವಷ್ಟರಲ್ಲಿ ಹಿಂದಕ್ಕೆ ಬಿಟ್ಟಾಗಿತ್ತು.

ಗಾದಿ ಇದ್ದದ್ದರಿಂದ ಹುಡುಗಿ ಉಳಿದಳು. ಭುಜದ ಕೀಲು ಜಾರಿತು. ಜನ ಚಪ್ಪಾಳೆ ತಟ್ಟಿದರು, ಮಾಸ್ತರರಂತೂ ಅದೆಂಥ ಬಲ ಎಂದು ಕುಣಿದರು. ಫಿಲೋಮಿನಾ ಮಾತ್ರ ತನ್ನ ಕೈಗಳನ್ನೇ ನೋಡುತ್ತಾ ನನ್ನ ಹತ್ತಿರ ಬಂದಳು. "ನಾ ಬಿಡಲಿಲ್ಲ ಆಯೀ, ಕೈ ತಾನ ಬಿಟ್ಟೂವು" ಎಂದಳು.

ನೆನಪಿದೆಯಲ್ಲ, ಎಂಟು ವರ್ಷದ ಹಿಂದೆ ಕುಸ್ತಿಯ ಕಣದಿಂದ ಮನೆಗೆ ಬಂದು, ಮೈಮೇಲಿನ ಕೆಮ್ಮಣ್ಣನ್ನೂ ತೊಳೆಯದೆ ನೀವು ನನಗೆ ಹೇಳಿದ್ದು ಇದೇ ಮಾತು. ಆಗ ಅವಳು ನಿದ್ದೆ ಹೋಗಿದ್ದಳು. ಯಾರಿಗೂ ನಾನು ಅದನ್ನು ಹೇಳಿಲ್ಲ. ಆ ಮಾತು ಅವಳ ಬಾಯಿಗೆ ಹೇಗೆ ಬಂತು?

ಅದನ್ನೆಲ್ಲ ಈಗ ಹೇಳಲೇಬೇಕು. ನೀವೂ ಸಿಕಂದರನೂ ಒಂದೇ ತಾಲೀಮಿನವರು, ಒಂದೇ ತಟ್ಟೆಯಲ್ಲಿ ಉಂಡವರು. ದಾಂಡೇಲಿಯಲ್ಲಿ ಲಾರಿ ರಿಪೇರಿ ಮುಗಿಸಿ, ಕೈಗೆ ಗ್ರೀಸು ಮೆತ್ತಿಕೊಂಡೇ ಬಸ್ಸು ಹತ್ತಿ ಬರುತ್ತಿದ್ದ ಅವನು. ಕುಸ್ತಿ ಕಲಿಸಿದ ಶೇಖಪ್ಪ ವಸ್ತಾದರು ನಿಮ್ಮಿಬ್ಬರಿಗೂ ಹಾಕಿದ ಕಟ್ಟಳೆ ನನಗೂ ಬಾಯಿಪಾಠ. ಕಲ್ಲು ಎತ್ತಿದ ದಿನ ಕೊನೆಗೆ ಜೊತೆಗಾರನನ್ನು ಎತ್ತಬೇಕು, ಅವನ ತಲೆಯ ಕೆಳಗೆ ಕೈ ಇಟ್ಟು ಮುಂದಕ್ಕೆ ತಂದು ಮಣ್ಣಿನ ಮೇಲೆ ಮಲಗಿಸಬೇಕು. ಕಲ್ಲಿನ ಗುಂಗು ಮೈಯಿಂದ ಇಳಿಯಬೇಕು. ಕುಸ್ತಿಯ ದಿನ ನಿಗದಿಯಾದ ಮೇಲಂತೂ ಕಲ್ಲು ಮುಟ್ಟುವ ಹಾಗೇ ಇಲ್ಲ. ನೀವು ಯಾವಾಗಲೂ ಇಳಿಸುತ್ತಿದ್ದದ್ದು ಸಿಕಂದರನನ್ನೇ. ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಇಳಿಸುತ್ತೀರಿ ಎಂದು ಅವನು ತಮಾಷೆ ಮಾಡುತ್ತಿದ್ದ.

ಹಳಿಯಾಳದಲ್ಲಿ ನಿಮಗೂ ಅವನಿಗೂ ಕುಸ್ತಿ ಇದ್ದ ದಿನ ಬೆಳಿಗ್ಗೆ ನೀವು ಹಿತ್ತಲಿಗೆ ಹೋದಿರಿ. ಅಪ್ಪ ತಂದ ಕಲ್ಲು, ಮುಟ್ಟಿ ನಮಸ್ಕಾರ ಮಾಡಿ ಬರುತ್ತೇನೆ ಎಂದಿರಿ. ಮುಟ್ಟಿ ಬಿಡಲಿಲ್ಲ. ಎತ್ತಿದಿರಿ. ಒಂದು ಸಲವಲ್ಲ, ಸಮಾಧಾನವಾಗುವವರೆಗೆ ಎತ್ತಿ ಹಿಂದಕ್ಕೆ ಬಿಟ್ಟಿರಿ. ನಾನು ಒಲೆಯ ಮುಂದೆ ಕೂತು ಕೇಳಿದೆ. ವಸ್ತಾದರಿಗೆ ನೀವು ಹೇಳಲಿಲ್ಲ, ಸಿಕಂದರನಿಗೂ ಹೇಳಲಿಲ್ಲ.

ಬರೆಯುವವರು ಈಗ ಪೆನ್ನು ಎತ್ತಿ ಕೂತಿದ್ದಾರೆ. ಬರೆಯಿರಿ ಎಂದೆ. ಬರೆಯುತ್ತಿದ್ದಾರೆ.

ಆ ದಿನ ನಾನು ಫಿಲೋಮಿನಾಳ ಕೈ ಹಿಡಿದು ಕಣದ ಹೊರಗೆ, ಶೇಂಗಾ ಮಾರುವವಳ ಪಕ್ಕ ನಿಂತಿದ್ದೆ. ಧೊಪ್ ಎಂದಿತು. ಯಾರಾದರೂ ಬಿದ್ದರೆ ಜನ ಕೂಗಬೇಕಲ್ಲ, ಯಾರೂ ಕೂಗಲಿಲ್ಲ. ಹಲಗೆ ಬಾರಿಸುವವನೂ ನಿಲ್ಲಿಸಿದ. ಕುತ್ತಿಗೆ ಮುರಿದಿತ್ತು, ಹುಬ್ಬಳ್ಳಿಗೆ ಒಯ್ಯುವ ದಾರಿಯಲ್ಲೇ ಸಿಕಂದರ ಹೋದ. ಕುಸ್ತಿಯಲ್ಲಿ ಆದದ್ದು, ಯಾರದೂ ತಪ್ಪಲ್ಲ ಎಂದರು ಎಲ್ಲರೂ. ಅವನ ಹೆಂಡತಿಯ ಮುಖ ನೋಡಲು ನೀವು ನಿಲ್ಲಲಿಲ್ಲ. ನಾನು ದಾಂಡೇಲಿಗೆ ಹೋಗಿ ಅವಳ ಮುಂದೆ ಕೂತೆ. ಅವಳು ನನಗೆ ನೀರು ಕೊಟ್ಟಳು.

ಭುಜ ಜಾರಿದ ಸುದ್ದಿ ಕೇಳಿ ಶೇಖಪ್ಪ ವಸ್ತಾದರು ಕೋಲೂರಿಕೊಂಡು ನಮ್ಮ ಮನೆಯವರೆಗೆ ನಡೆದು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಮಾಸ್ತರ ಹೇಳೂದು ಸುಳ್ಳಲ್ಲ ತಂಗಿ, ಭಾರ ಎತ್ತಿದ್ರ ಬಲ ಬರತೈತಿ. ಆದ್ರ ಕಲ್ಲಿಗೆ ಕುತ್ತಿಗಿ ಇಲ್ಲ. ಹೆಂಗ ಒಗದ್ರೂ ಅದಕ್ಕ ನೋವಿಲ್ಲ. ಮೈ ಅದನ್ನೂ ಕಲೀತೈತಿ. ಅದನ್ನ ಮರಸಾಕ ಮನಷ್ಯಾನ್ನ ಎತ್ತಿ ಇಳಸಬೇಕು" ಎಂದರು. ನೀವೇ ಕಲಿಸಿರಿ ಎಂದೆ. ನಡುಗುವ ಕೈಗಳನ್ನು ತೋರಿಸಿದರು. ಆ ಇಳಿಸುವ ರೀತಿ ಈಗ ಪೂರಾ ಗೊತ್ತಿರುವವನು ನಿನ್ನ ಗಂಡ ಮಿಂಗೇಲ ಒಬ್ಬನೇ ಎಂದರು.

ಮಾಸ್ತರರಿಗೆ ಹೇಳಿ ನೋಡಿದೆ. ಅದೆಲ್ಲ ಹಾಸ್ಟೆಲಿನಲ್ಲಿ ಸರಿಹೋಗುತ್ತದೆ ಎನ್ನುತ್ತಾರೆ. ಯಾರ ಮಗಳ ಕುತ್ತಿಗೆ ಮುರಿದ ಮೇಲೆ? ಹಾಗೆಂದು ಕಳಿಸದೆ ಇದ್ದರೆ ನನ್ನ ಮಗಳೂ ನನ್ನ ಹಾಗೆ ಕಟ್ಟಿಗೆ ಹೊರೆ ಹೊತ್ತು ಮುದುಕಿಯಾಗುತ್ತಾಳೆ. ಅವಳಿಗೆ ಆ ಹಾಸ್ಟೆಲೆಂದರೆ ಜೀವ. ಆದರೆ ಆ ದಿನದಿಂದ ಕೋಳಿಮರಿಯನ್ನು ಎತ್ತಿಕೊಳ್ಳಲೂ ಹೆದರುತ್ತಾಳೆ. ನಸುಕಿನಲ್ಲಿ ಮಾತ್ರ ಎದ್ದು ಹೋಗಿ ಕಲ್ಲು ಎತ್ತುತ್ತಾಳೆ. ಯಾಕೆ ಎಂದರೆ ಗೊತ್ತಿಲ್ಲ ಎನ್ನುತ್ತಾಳೆ.

ನನಗೆ ನಿಮ್ಮ ಮೇಲೆ ಸಿಟ್ಟು ಇದೆ. ಇಲ್ಲ ಎಂದರೆ ಅದು ಬಾಯಿಯವರು ಬರೆದ ಪತ್ರವಾಗುತ್ತದೆ. ನೀವು ಓಡಿಹೋದದ್ದಕ್ಕೆ ಸಿಟ್ಟು, ಕಲ್ಲನ್ನು ಇಲ್ಲೇ ಬಿಟ್ಟು ಹೋದದ್ದಕ್ಕೆ ಇನ್ನೂ ಸಿಟ್ಟು. ನನ್ನ ಸಲುವಾಗಿ ಬರುವುದು ಬೇಡ. ಜನವರಿಗೆ ಮೊದಲು ಬಂದು ಅವಳಿಗೆ ಇಳಿಸುವುದನ್ನು ಕಲಿಸಿ. ನೀವು ಬರದಿದ್ದರೆ ನಾನು ಅವಳನ್ನು ಕಳಿಸುವುದಿಲ್ಲ, ಆಮೇಲೆ ಅವಳು ನಮ್ಮಿಬ್ಬರನ್ನೂ ಕ್ಷಮಿಸುವುದಿಲ್ಲ.

ನಿಮ್ಮ
ಲೂಸಿ
(ಎಡಗೈ ಹೆಬ್ಬೆಟ್ಟು)

ತಾ.ಕ. ಮಿಂಗೇಲ ಭಾಯಿ, ಸಲಾಂ. ಇದನ್ನು ಬರೆದವಳು ನಾನು, ಸಿಕಂದರನ ಹೆಂಡತಿ ಗುಲ್ಶನ. ಭುಜ ಜಾರಿದ ಹುಡುಗಿ ನನ್ನ ಮಗಳು ಜಾಹೀದಾ. ಹಳಿಯಾಳದಲ್ಲಿ ನನ್ನ ತವರಿನಲ್ಲಿದ್ದುಕೊಂಡು ಅದೇ ಶಾಲೆಗೆ ಹೋಗುತ್ತಾಳೆ.

ಜಗಳ ಮಾಡಲೆಂದೇ ಈ ಮನೆಗೆ ಬಂದಿದ್ದೆ. ಲೂಸಿ ನೀರು ಕೊಟ್ಟಳು. ಪತ್ರ ಬರೆಯುವವರು ಬೇಕು ಎಂದಳು, ಕೂತೆ. ಆ ಬೆಳಿಗ್ಗೆ ನೀವು ಕಲ್ಲು ಎತ್ತಿದ ಸಂಗತಿ ನನಗೂ ಈಗಲೇ ತಿಳಿದದ್ದು. ಕೈ ನಿಂತುಹೋಯಿತು. ಲೂಸಿ ನೆಲ ನೋಡುತ್ತಿದ್ದಳು. ಕೊಟ್ಟ ಮಾತಿನಂತೆ ಬರೆದೆ. ನಿಮ್ಮನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ, ನನಗಿನ್ನೂ ಗೊತ್ತಿಲ್ಲ.

ಹೆಂಗಸರು ಕಣಕ್ಕೆ ಹೋಗುವುದಿಲ್ಲ. ನಮ್ಮವರು ಹೇಗೆ ಬಿದ್ದರು, ಯಾವ ಸದ್ದಾಯಿತು ಎಂದು ನಾನು ಊಹೆ ಮಾಡುತ್ತಲೇ ಇದ್ದೆ. ದಾಂಡೇಲಿಯ ನನ್ನ ಮನೆಯಲ್ಲೂ ನಸುಕಿನಲ್ಲಿ ಏನೋ ಬೀಳುತ್ತದೆ, ಭಾಯಿ. ಇವತ್ತು ಫಿಲೋಮಿನಾಳಿಗೆ ಕಲ್ಲು ಎತ್ತಿ ಬಿಡಲು ಹೇಳಿ, ಹತ್ತಿರ ಕೂತು ಕೇಳಿದೆ. ಅದೇ ಸದ್ದು.

ಭುಜ ಸರಿಹೋದ ಮೇಲೆ ಜಾಹೀದಾ ಕೂಡ ಹಾಸ್ಟೆಲಿಗೆ ಹೋಗುವವಳೇ. ಇಳಿಸುವುದನ್ನು ಕಲಿಯಬೇಕಾದರೆ ಯಾರನ್ನಾದರೂ ಎತ್ತಬೇಕಲ್ಲ, "ನಾ ನಿಂದರ್ತೇನಿ" ಎನ್ನುತ್ತಿದ್ದಾಳೆ. ಬೇರೆ ಯಾರೂ ಮುಂದೆ ಬರುತ್ತಿಲ್ಲ. ನಾನು ಹೂಂ ಎಂದಿದ್ದೇನೆ. ತಲೆಯ ಕೆಳಗೆ ಕೈ ಎಲ್ಲಿ ಇಡಬೇಕೆಂದು ತೋರಿಸಲು ನೀವು ಇರಬೇಕು.

ಈ ಸಾಲು ಬರೆಯುವಾಗ ಹಿತ್ತಲಿನಲ್ಲಿ ಧೊಪ್ ಎಂದಿತು. ಫಿಲೋಮಿನಾ ಬಾವಿಗೆ ಹೋಗಿದ್ದಾಳೆ, ಜಾಹೀದಾ ನನ್ನ ಪಕ್ಕದಲ್ಲೇ ಇದ್ದಾಳೆ. ಲೂಸಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ವಾಸ್ಕೋದಲ್ಲಿ ನಿಮಗೂ ಅದು ಕೇಳಿಸುತ್ತಿರಬೇಕು. ಬನ್ನಿ.